ಕರೆಂಟು ಬಂದಾಗ ಮೊದಲು ಏಳೋರು ಯಾರು?

“ಕಂಪ್ಯೂಟರ್ ಆನ್ ಆಗೋ ವಿಷಯಕ್ಕೂ ಜಗಳ ಆಡ್ತಾರಾ?”

ಕೇಳಿದ್ದು ನನ್ನ ಹೆಂಡತಿ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಅವಳ ಮಟ್ಟಿಗೆ ಕಂಪ್ಯೂಟರ್ ಅಂದರೆ ಗುಂಡಿ ಒತ್ತಿದರೆ ಏಳುವ, ಮುಚ್ಚಿದರೆ ಮಲಗುವ ವಸ್ತು. ಆಡ್ತಾರೆ ಅಂದೆ. ಎಷ್ಟರ ಮಟ್ಟಿಗೆ ಅಂದರೆ, ಹದಿನೆಂಟು ವರ್ಷ ಒಂದೇ ಕೆಲಸಕ್ಕೆ ಜೀವ ತೇದವರೂ ಸೇರಿ ನಾಲ್ಕೈದು ಜನ ಒಂದೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಎದ್ದು ಹೋದರು. ಒಂದು ಗುಂಪು ಪಾಲು ತಗೊಂಡು ಬೇರೆ ಒಲೆಯನ್ನೇ ಹೂಡಿಕೊಂಡಿತು. ಅವಳು ಟೀ ಲೋಟ ಕೆಳಗಿಟ್ಟಳು. “ಪಾಲು ಅಂದ್ರೆ ಇಂಟ್ರೆಸ್ಟಿಂಗು. ಹೇಳು” ಅಂದಳು.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದ್ದೀನಿ. ಲಿನಕ್ಸ್ ಅರೆದು ಕುಡಿದವರು ಮುಂದಿನ ಪ್ಯಾರಾ ಹಾರಿಸಿಕೊಂಡು ಹೋದರೆ ನನಗೇನೂ ಬೇಜಾರಿಲ್ಲ.

ಲಿನಕ್ಸ್ ಯಂತ್ರಕ್ಕೆ ಕರೆಂಟು ಕೊಟ್ಟಾಗ ಕರ್ನಲ್ ಎದ್ದು, ಮೆಮೊರಿ, ಡಿಸ್ಕು ಅಂತ ಕೈಕಾಲೆಲ್ಲ ನೆಟ್ಟಗಿದೆಯಾ ನೋಡಿಕೊಂಡು, ಕೊನೆಗೆ ಒಂದೇ ಒಂದು ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಅದರ ನಂಬರು 1. ಇನಿಟ್ ಅಂತಾರೆ ಅದಕ್ಕೆ. ನೆಟ್‌ವರ್ಕ್, ಡೇಟಾಬೇಸ್, ವೆಬ್ ಸರ್ವರ್, ಲಾಗಿನ್ ಪರದೆ ಇವನ್ನೆಲ್ಲ ಎಬ್ಬಿಸೋದು ಇನಿಟ್‌ನ ಜವಾಬ್ದಾರಿ. ಯಾವುದಾದರೂ ಪ್ರೋಗ್ರಾಮಿನ ತಾಯಿ ಪ್ರೋಗ್ರಾಮು ಸತ್ತರೆ, ಆ ಅನಾಥ ಕೂಸನ್ನು ಮಡಿಲಿಗೆ ಹಾಕಿಕೊಳ್ಳೋದೂ ಸಾಮಾನ್ಯವಾಗಿ ಅದೇ. ಅದೇ ಸತ್ತರೆ ಮಾತ್ರ ಇಡೀ ಯಂತ್ರ ಸತ್ತಂತೆ. ಎಲ್ಲರಿಗಿಂತ ಮೊದಲು ಎದ್ದು, ಎಲ್ಲರಿಗಿಂತ ಕೊನೆಗೆ ಮಲಗುವ ಪ್ರಾಣಿ.

ನಮ್ಮನೆಯಲ್ಲಿ ಆ ನಂಬರು 1 ನಮ್ಮಪ್ಪ.

ನಮ್ಮೂರು ತಿಪಟೂರು ಸೀಮೆ. ತೆಂಗಿನ ತೋಟ, ನಡುವೆ ಒಂದಿಷ್ಟು ಅಡಿಕೆ, ಅದಕ್ಕೆಲ್ಲ ಸೇರಿ ಒಂದು ಬೋರು. ತ್ರೀ ಫೇಸ್ ಕರೆಂಟು ಕೊಡೋದು ದಿನಕ್ಕೆ ಕೆಲವೇ ಗಂಟೆ, ಅದೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ಪಂಪ್ ಮನೆ ಮುಂದೆ, ತ್ರೀ ಫೇಸ್ ಬಂದಾಗ ಮಾತ್ರ ಹತ್ತೋ ಹಾಗೆ ಒಂದು ಬಲ್ಬು ಕಟ್ಟಿದ್ದರು. ರಾತ್ರಿ ಎರಡು ಗಂಟೆಗೆ ತೋಟದ ಆ ಮೂಲೆಯಲ್ಲಿ ಬಲ್ಬು ಹತ್ತಿದರೆ, ಜಗಲಿ ಮೇಲೆ ಮಲಗಿದ್ದ ಅಪ್ಪನಿಗೆ ಅದು ಹೇಗೆ ತಿಳಿಯುತ್ತಿತ್ತೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಟವೆಲು ತಲೆಗೆ ಸುತ್ತಿ, ಟಾರ್ಚು, ಒಂದು ಕೋಲು ಹಿಡಿದು ಹೊರಟುಬಿಡೋರು. ಹಾವು ಗೀವು ಅಂತ ಅಮ್ಮ ಗೊಣಗೋರು. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ, ಪೈಪಿನ ಮೇಲೆ ಅಂಗೈ ಇಟ್ಟು, ನೀರು ಏರೋ ಅದುರು ಕೈಗೆ ಸಿಕ್ಕ ಮೇಲೆ ವಾಪಸ್ ಬರೋರು. ನಾನು ಹತ್ತನೇ ಕ್ಲಾಸಿನಲ್ಲಿ ಓದೋಕೆ ಕೂತಾಗ ಜೊತೆಗೆ ಹೋಗಿದ್ದುಂಟು. ಓದೋದು ತಪ್ಪುತ್ತಲ್ಲ ಅನ್ನೋದೇ ಮುಖ್ಯ ಕಾರಣ.

ಬಿಇ ಮುಗಿಸಿ 2008ರಲ್ಲಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಸಿಕ್ಕಿದ್ದೂ ಎಬ್ಬಿಸುವ ಕೆಲಸವೇ. ಡೆಬಿಯನ್ ಸರ್ವರುಗಳನ್ನು ನೋಡಿಕೊಳ್ಳೋದು. ಆಗ ಅಲ್ಲಿದ್ದ ಇನಿಟ್ ಹಳೇ ಯುನಿಕ್ಸ್ ಸಿಸ್ಟಮ್ ಫೈವ್ ಕಾಲದ ಪದ್ಧತಿಯದು, ಸಿಸ್‌ವಿ ಇನಿಟ್ ಅಂತ ಹೆಸರು. ಒಂದೊಂದು ಸರ್ವೀಸಿಗೆ ಒಂದೊಂದು ಶೆಲ್ ಸ್ಕ್ರಿಪ್ಟು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದಕ್ಕೆ ಫೈಲಿನ ಹೆಸರಿನ ಮುಂದೆಯೇ ನಂಬರು: ಎಸ್ 10 ಎದ್ದ ಮೇಲೆ ಎಸ್ 20, ಅದಾದ ಮೇಲೆ ಎಸ್ 30. ಸರತಿ ಪ್ರಕಾರ. ಅದರಲ್ಲಿ ಮಾಯ ಮಂತ್ರ ಏನೂ ಇರಲಿಲ್ಲ, ಅದೇ ಅದರ ಚಂದ. ಎಲ್ಲಿ ಕೆಟ್ಟರೂ ಸ್ಕ್ರಿಪ್ಟು ತೆಗೆದು ಓದಿದರೆ ಗೊತ್ತಾಗುತ್ತಿತ್ತು. ನಮ್ಮ ಕಂಪನಿಯ ಜಾವಾ ಸರ್ವೀಸಿಗೆ ನಾನೊಂದು ಸ್ಕ್ರಿಪ್ಟು ಬರೆದೆ. ಸುಮಾರು 140 ಸಾಲು. ಆ ಸರ್ವೀಸು ಆಗಾಗ ಗೊಟಕ್ ಅನ್ನೋದು. ಸತ್ತಾಗ ತನ್ನ ನಂಬರು ಬರೆದಿಟ್ಟ ಚೀಟಿ ಮಾತ್ರ ಡಿಸ್ಕಿನಲ್ಲಿ ಉಳಿಯೋದು. ಮತ್ತೆ ಎಬ್ಬಿಸೋಕೆ ಹೋದರೆ ಸ್ಕ್ರಿಪ್ಟು ಆ ಚೀಟಿ ನೋಡಿ “ಅಯ್ಯೋ, ಬದುಕೇ ಇದ್ದಾನಲ್ಲ” ಅಂತ ಸುಮ್ಮನಾಗೋದು. ಸತ್ತವನು ನಿಜವಾಗಿ ಸತ್ತಿದ್ದಾನೋ ಅಂತ ಮೂಗಿನ ಹತ್ತಿರ ಕೈ ಹಿಡಿದು ನೋಡೋಕೇ ಅದರಲ್ಲಿ ನಲವತ್ತು ಸಾಲು ಬರೆದಿದ್ದೆ. ರಾತ್ರಿ ಯಾವ ಹೊತ್ತಲ್ಲಿ ಏನು ಬಿದ್ದರೂ ಫೋನು ನನಗೇ ಬರುತ್ತಿತ್ತು. ಬೈಕೊಂಡು ಏಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು.

ಅದೇ ಸುಮಾರಿಗೆ ಊರಲ್ಲಿ ಚಿಕ್ಕಪ್ಪ ಆಟೋ ಸ್ಟಾರ್ಟರ್ ಮಾತು ತೆಗೆದ. ಪೇಟೆಯಲ್ಲಿ ಸಿಗುತ್ತೆ, ಸ್ಟಾರ್ಟರಿನ ಪೆಟ್ಟಿಗೆಗೆ ಜೋಡಿಸಿದರೆ ಸಾಕು, ಕರೆಂಟು ಬಂದ ತಕ್ಷಣ ಮೋಟರ್ ತಾನೇ ಎದ್ದು ಕೂರುತ್ತೆ. ಬೋರು ಇಬ್ಬರದ್ದೂ ಜಂಟಿ. ಅಪ್ಪ ಬೇಡವೇ ಬೇಡ ಅಂದರು. ನೀರು ಕಡಿಮೆಯಾದಾಗ ಮೋಟರ್ ಸದ್ದು ಬದಲಾಗುತ್ತೆ, ಅದು ಪೆಟ್ಟಿಗೆಗೆ ಕೇಳಿಸುತ್ತಾ ಅನ್ನೋದು ಅಪ್ಪನ ವಾದ. “ಅಣ್ಣಾ, ನಿನಗೆ ಅರವತ್ತಾಗ್ತಾ ಬಂತು. ಇನ್ನೆಷ್ಟು ವರ್ಷ ರಾತ್ರಿ ಎದ್ದು ಹೋಗ್ತೀಯ?” ಅನ್ನೋದು ಚಿಕ್ಕಪ್ಪನ ವಾದ. ಇಬ್ಬರೂ ಸರಿ. ಅದೇ ತೊಂದರೆ. ಅಪ್ಪ ಅರಸೀಕೆರೆಗೆ ಒಂದು ಮದುವೆಗೆ ಅಂತ ಹೋದ ದಿನ ಚಿಕ್ಕಪ್ಪ ಪೆಟ್ಟಿಗೆ ಹಾಕಿಸಿಬಿಟ್ಟ. ಅಪ್ಪ ಬಂದು ನೋಡಿ ಏನೂ ಅನ್ನಲಿಲ್ಲ, ಚಿಕ್ಕಪ್ಪನ ಜೊತೆ ಮಾತಾಡೋದನ್ನೇ ಬಿಟ್ಟರು. ಹತ್ತಿರ ಹತ್ತಿರ ಒಂದು ವರ್ಷ.

ಆಮೇಲೆ ಒಂದು ಬೇಸಿಗೆಯಲ್ಲಿ ಟಿಸಿ ಸುಟ್ಟುಹೋಯ್ತು. ಆ ಟಿಸಿ ಮೇಲೆ ಹನ್ನೆರಡು ಮೋಟರು. ಹನ್ನೆರಡಕ್ಕೂ ಅಷ್ಟರಲ್ಲಿ ಆಟೋ ಸ್ಟಾರ್ಟರ್ ಬಂದಿತ್ತು. ಮೋಟರ್ ಏಳುವ ಗಳಿಗೆಯಲ್ಲಿ ಅದು ಓಡುವಾಗ ಎಳೆಯೋದಕ್ಕಿಂತ ಐದಾರು ಪಟ್ಟು ಹೆಚ್ಚು ಕರೆಂಟು ಎಳೆಯುತ್ತೆ. ಮನುಷ್ಯರು ಎದ್ದು ಹೋಗಿ ಗುಂಡಿ ಒತ್ತುತ್ತಿದ್ದಾಗ ಒಬ್ಬ ಎರಡು ಗಂಟೆಗೆ, ಇನ್ನೊಬ್ಬ ಎರಡೂಕಾಲಿಗೆ, ಮತ್ತೊಬ್ಬ ಬೀಡಿ ಸೇದಿ ಎರಡೂವರೆಗೆ. ಆ ಸೋಮಾರಿತನವೇ ಟಿಸಿಯನ್ನು ಅಷ್ಟು ವರ್ಷ ಕಾಪಾಡಿತ್ತು. ಈಗ ಹನ್ನೆರಡೂ ಒಂದೇ ಸೆಕೆಂಡಿಗೆ ಎದ್ದು ನಿಂತರೆ? ಹೊಸ ಟಿಸಿ ಬರೋಕೆ ಹದಿನೈದು ದಿನ ಹಿಡಿಯಿತು, ಎಳೆ ಅಡಿಕೆ ಸಸಿಗಳು ಕೈಬಿಟ್ಟವು.

ಹೊಸ ಟಿಸಿ ಬಂದ ಮೇಲೆ ಲೈನ್‌ಮನ್ ಹೇಳಿದ: ಆ ಪೆಟ್ಟಿಗೆಗಳ ಒಳಗೆ ತಡ ಇಡೋಕೆ ಒಂದು ತಿರುಪು ಇದೆ, ಒಬ್ಬೊಬ್ಬರದು ಒಂದೊಂದು ಹೊತ್ತಿಗೆ ಏಳೋ ಹಾಗೆ ತಿರುಗಿಸಿಕೊಳ್ಳಿ. ಯಾರು ಮೊದಲು, ಯಾರು ಕೊನೆ ಅಂತ ತೀರ್ಮಾನ ಮಾಡೋಕೆ ಹನ್ನೆರಡು ಮನೆಯವರು ಕೂತರು. ಪಟ್ಟಿ ಬರೆದವರು ಅಪ್ಪ. ನಾನು ಹಬ್ಬಕ್ಕೆ ಊರಿಗೆ ಹೋದಾಗ ಪಂಪ್ ಮನೆ ಗೋಡೆ ಮೇಲೆ ಇದ್ದಿಲಲ್ಲಿ ಬರೆದದ್ದು ಕಂಡಿತು. ಒಂದರಿಂದ ಹನ್ನೆರಡು, ಮುಂದೆ ಹೆಸರುಗಳು. ನಮ್ಮದು ಕೊನೆಯದು. ಬರೆದವನೇ ಮೊದಲ ಜಾಗ ಇಟ್ಟುಕೊಂಡರೆ ಚೆನ್ನಾಗಿರಲ್ಲ ಅಂದರಂತೆ. ಆ ಗೋಡೆ ನೋಡಿ ನನಗೆ ನಗು ಬಂತು. ಎಸ್ 10, ಎಸ್ 20, ಎಸ್ 30!

ಈಗ ಜರ್ಮನಿಗೆ ಹೋಗೋಣ. ಲೆನಾರ್ಟ್ ಪೊಯೆಟರಿಂಗ್ ಅನ್ನೋ ಎಂಜಿನಿಯರು, ಆಗ ರೆಡ್ ಹ್ಯಾಟ್ ಕಂಪನಿಯಲ್ಲಿದ್ದವನು, 2010ರ ಏಪ್ರಿಲ್ ಕೊನೆಯ ದಿನ ಒಂದು ಉದ್ದದ ಲೇಖನ ಬರೆದ. ನಂಬರು 1ರ ಬಗ್ಗೆ ನಾವು ಮೊದಲಿಂದ ಯೋಚನೆ ಮಾಡಬೇಕು ಅನ್ನೋದು ಅದರ ಸಾರ. ಅವನೂ ಕೇ ಸೀವರ್ಸ್ ಅನ್ನೋನೂ ಸೇರಿ ಶುರು ಮಾಡಿದ ಹೊಸ ಇನಿಟ್‌ನ ಹೆಸರು ಸಿಸ್ಟಮ್‌ಡಿ. ಸರತಿಯಲ್ಲಿ ಕಾಯೋದು ದಂಡ, ಎಲ್ಲರನ್ನೂ ಒಟ್ಟಿಗೆ ಎಬ್ಬಿಸಬಹುದು ಅಂದ. ಹೇಗೆ? ನಮ್ಮೂರ ಹಾಲಿನ ಡೈರಿ ನೋಡಿದವರಿಗೆ ತಕ್ಷಣ ಅರ್ಥ ಆಗುತ್ತೆ. ಡೈರಿ ಬಾಗಿಲು ತೆಗೆಯೋ ಮುಂಚೆಯೇ ಜನ ಕ್ಯಾನು ಸಾಲಾಗಿ ಇಟ್ಟು ಬೇರೆ ಕೆಲಸಕ್ಕೆ ಹೋಗಿರ್ತಾರೆ. ಸೆಕ್ರೆಟರಿ ಬಂದು ಬಾಗಿಲು ತೆಗೆದ ಮೇಲೆ ಸಾಲಿನ ಪ್ರಕಾರ ಅಳೆದು ಸುರಿದುಕೊಳ್ತಾನೆ. ಸಿಸ್ಟಮ್‌ಡಿ ಮಾಡೋದೂ ಅದನ್ನೇ. ಪ್ರತಿ ಸರ್ವೀಸಿನ ಬಾಗಿಲನ್ನು, ಅಂದರೆ ಸಾಕೆಟ್ಟನ್ನು, ತಾನೇ ಮೊದಲು ತೆರೆದಿಡುತ್ತದೆ. ಡೇಟಾಬೇಸ್ ಇನ್ನೂ ಕಣ್ಣುಜ್ಜುತ್ತಿದ್ದರೂ ಉಳಿದವರು ತಮ್ಮ ಕೋರಿಕೆ ಅಲ್ಲಿ ಇಟ್ಟು ಕಾಯಬಹುದು. ಜೊತೆಗೆ ಸತ್ತವರು ಬದುಕಿರುವವರು ಅನ್ನೋ ಲೆಕ್ಕಕ್ಕೆ ಚೀಟಿಯೇ ಬೇಡ. ಪ್ರತಿ ಸರ್ವೀಸನ್ನೂ ಅದರ ಮಕ್ಕಳು ಮರಿಗಳ ಸಮೇತ ಕರ್ನಲ್ಲಿನ ಒಂದೊಂದು ಕೊಟ್ಟಿಗೆಯಲ್ಲಿ ಕಟ್ಟಿಬಿಡುತ್ತದೆ, ಎಣಿಸಿದರೆ ಆಯ್ತು. ನನ್ನ ನಲವತ್ತು ಸಾಲು ಅಲ್ಲೇ ದಂಡ.

ಉಬುಂಟುವಿನ ಹಿಂದಿರುವ ಕೆನಾನಿಕಲ್ ಕಂಪನಿ ಅಷ್ಟರಲ್ಲೇ ಅಪ್‌ಸ್ಟಾರ್ಟ್ ಅನ್ನೋ ಬೇರೊಂದು ಇನಿಟ್ ಮಾಡಿ 2006ರಿಂದ ಬಳಸುತ್ತಿತ್ತು. ಅದರ ತರ್ಕ ಆಟೋ ಸ್ಟಾರ್ಟರಿನದು: ಇಂಥದ್ದು ಆಯ್ತಾ, ಹಾಗಾದರೆ ಅಂಥದ್ದನ್ನು ಎಬ್ಬಿಸು. ಕರೆಂಟು ಬಂತಾ, ಮೋಟರ್ ಹಾಕು. ಸಿಸ್ಟಮ್‌ಡಿ ಉಲ್ಟಾ ಕಡೆಯಿಂದ ಕೇಳುತ್ತೆ: ಕೊನೆಗೆ ನಿನಗೆ ಯಾವ ಪಾತಿಗೆ ನೀರು ಬೇಕು? ಅದಕ್ಕೆ ಯಾವ ಮೋಟರ್ ಬೇಕು? ಅಷ್ಟು ಮಾತ್ರ ಎಬ್ಬಿಸೋಣ. ಓದಿದಾಗ ಎರಡನೆಯದೇ ಸರಿ ಅಂತ ನನಗೂ ಅನ್ನಿಸಿತ್ತು. ಒಪ್ಪಿಕೊಳ್ಳೋಕೆ ಮನಸ್ಸಾಗಲಿಲ್ಲ, ಅಷ್ಟೇ.

ಫೆಡೋರಾ 2011ರಲ್ಲಿ ಸಿಸ್ಟಮ್‌ಡಿಗೆ ಹೋಯಿತು. ಬೇರೆಯವರೂ ಒಬ್ಬೊಬ್ಬರಾಗಿ ಹೋದರು. ಡೆಬಿಯನ್ ಮಾತ್ರ ಯೋಚನೆ ಮಾಡುತ್ತಾ ಕೂತಿತ್ತು. ಡೆಬಿಯನ್ ಯೋಚನೆ ಮಾಡೋದು ಅಂದರೆ ಸುಮ್ಮನೆ ಅಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು. ಗೆಳತಿ ಡೆಬ್ರಾ ಹೆಸರಿನ ‘ಡೆಬ್’ ಮತ್ತು ತನ್ನ ಹೆಸರು ಸೇರಿಸಿ ಡೆಬಿಯನ್ ಅಂತ ಇಟ್ಟ. ಅದಕ್ಕೆ ಮಾಲೀಕ ಅಂತ ಕಂಪನಿ ಇಲ್ಲ. ಸ್ವಯಂಸೇವಕರು, ಒಂದು ಸಂವಿಧಾನ, ಚುನಾವಣೆಯಲ್ಲಿ ಆರಿಸಿದ ನಾಯಕ, ತಕರಾರು ತೀರಿಸೋಕೆ ಒಂದು ತಾಂತ್ರಿಕ ಸಮಿತಿ. ಆ ಸಂವಿಧಾನದಲ್ಲಿ ನನಗೆ ಬಹಳ ಇಷ್ಟವಾದ ಒಂದು ಮಾತಿದೆ: ಯಾರ ಮೇಲೂ ಯಾವ ಕೆಲಸ ಮಾಡಲೇಬೇಕು ಅನ್ನೋ ಬಲವಂತ ಇಲ್ಲ. ಅಂದರೆ ಸಮಿತಿ ಏನು ಬೇಕಾದರೂ ತೀರ್ಮಾನ ಮಾಡಬಹುದು, ಮಾಡುವವನಿಗೆ ಮನಸ್ಸಿಲ್ಲದಿದ್ದರೆ ಮಾಡಿಸೋಕೆ ಆಗಲ್ಲ. ಉಬುಂಟು ಸೇರಿದಂತೆ ಎಷ್ಟೋ ಲಿನಕ್ಸ್‌ಗಳು ಡೆಬಿಯನ್ ಮೇಲೇ ನಿಂತಿವೆ. ಕೆರೆ ತೂಬಿನ ಹತ್ತಿರ ಏನು ಮಾಡಿದರೂ ಕೆಳಗಿನ ಗದ್ದೆಗಳಿಗೆಲ್ಲ ಅದೇ ನೀರು.

2013ರ ಅಕ್ಟೋಬರಿನಲ್ಲಿ ವಿಷಯ ಸಮಿತಿ ಮುಂದೆ ಬಂತು. ಮುಂದಿನ ಆವೃತ್ತಿ ಜೆಸ್ಸಿಗೆ ಡೀಫಾಲ್ಟ್ ಇನಿಟ್ ಯಾವುದು? ನಾನು ಆಗ ಪಿಜಿಯಲ್ಲಿದ್ದೆ. ವಾದ ಎಲ್ಲ ಬಹಿರಂಗ, ಯಾರು ಬೇಕಾದರೂ ಓದಬಹುದಿತ್ತು. ರೂಮ್‌ಮೇಟು ಐಪಿಎಲ್ ಹರಾಜಿನ ಸುದ್ದಿ ಓದಿದ ಹಾಗೆ ನಾನು ಅದನ್ನು ಓದುತ್ತಿದ್ದೆ. ಎಂಟು ಜನರ ಸಮಿತಿ. ರಸ್ ಆಲ್‌ಬರಿ ಅನ್ನೋ ಸದಸ್ಯರು ಬಾಯಿಮಾತಿಗೆ ನಿಲ್ಲದೆ ತಾವು ನೋಡಿಕೊಳ್ಳುವ ಒಂದು ಪ್ಯಾಕೇಜನ್ನು ಸಿಸ್ಟಮ್‌ಡಿಗೂ ಅಪ್‌ಸ್ಟಾರ್ಟ್‌ಗೂ ಹೊಂದಿಸಿ ನೋಡಿ, ಪುಟಗಟ್ಟಲೆ ಬರೆದರು. ಸಿಸ್ಟಮ್‌ಡಿಯೇ ಒಳ್ಳೆಯದು ಅಂದರು. ಹಿಂದೊಮ್ಮೆ ಡೆಬಿಯನ್ ನಾಯಕರಾಗಿದ್ದ ಇಯಾನ್ ಜಾಕ್ಸನ್ ಎದುರು ಪಕ್ಷ. ಅವರ ಆತಂಕ ಇನಿಟ್‌ದು ಮಾತ್ರ ಅಲ್ಲ. ಸಿಸ್ಟಮ್‌ಡಿ ಎಬ್ಬಿಸೋ ಕೆಲಸಕ್ಕೆ ಅಂತ ಒಳಗೆ ಬಂದು ಲಾಗು, ಲಾಗಿನ್ನು, ಒಂದೊಂದನ್ನೇ ತನ್ನ ಕೈಗೆ ತಗೊಳ್ಳುತ್ತೆ, ನಾಳೆ ಬೇಡ ಅಂದರೂ ಬಿಡಿಸೋಕಾಗಲ್ಲ ಅನ್ನೋದು ಆ ಕಡೆಯವರ ಭಯ. ಸುಳ್ಳೇನಲ್ಲ. ಗ್ನೋಮ್ ಡೆಸ್ಕ್‌ಟಾಪು ಅಷ್ಟರಲ್ಲೇ ಸಿಸ್ಟಮ್‌ಡಿಯ ಲಾಗಿನ್ ಭಾಗವನ್ನು ನೆಚ್ಚಿಕೊಂಡಿತ್ತು. ಡೆಬಿಯನ್‌ನ ಫ್ರೀಬಿಎಸ್‌ಡಿ ಕರ್ನಲ್ ಅವತಾರದಲ್ಲಂತೂ ಸಿಸ್ಟಮ್‌ಡಿ ಓಡುವ ಹಾಗೇ ಇರಲಿಲ್ಲ, ಅದು ಲಿನಕ್ಸ್‌ಗೆ ಮಾತ್ರ ಬರೆದದ್ದು. ಇನ್ನು ಅಪ್‌ಸ್ಟಾರ್ಟ್‌ಗೆ ಕೋಡ್ ಕೊಡಬೇಕಾದರೆ ಕೆನಾನಿಕಲ್ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು, ಅದು ಬಹಳ ಜನಕ್ಕೆ ರುಚಿಸಲಿಲ್ಲ. ಸಮಿತಿಯಲ್ಲೇ ಕೆನಾನಿಕಲ್ ಸಂಬಳ ತಗೊಳ್ಳೋರು ಇದ್ದಾರಲ್ಲ ಅನ್ನೋ ಮಾತೂ ಎದ್ದಿತು.

ಒಂದು ಗಮನಿಸಿ. ಸಮಿತಿಯಲ್ಲಿ ಕೊನೆಗೆ ಪೈಪೋಟಿ ಉಳಿದದ್ದು ಸಿಸ್ಟಮ್‌ಡಿ ಮತ್ತು ಅಪ್‌ಸ್ಟಾರ್ಟ್ ನಡುವೆ. ನನ್ನ ಹಳೇ ಸಿಸ್‌ವಿ ಇನಿಟ್ ಆಟದಲ್ಲೇ ಇರಲಿಲ್ಲ. ಅದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ರೂಮ್‌ಮೇಟು ಯಾವುದೋ ಹುಡುಗಿ ವಿಷಯ ಅಂದುಕೊಂಡ.

ಮತ ಬಿತ್ತು. ನಾಲ್ಕು, ನಾಲ್ಕು. 2014ರ ಫೆಬ್ರವರಿ 11ರಂದು ಸಮಿತಿಯ ಅಧ್ಯಕ್ಷ ಬಿಡೇಲ್ ಗಾರ್ಬಿ ತಮ್ಮ ನಿರ್ಣಾಯಕ ಮತ ಸಿಸ್ಟಮ್‌ಡಿಗೆ ಹಾಕಿ ಮುಗಿಸಿದರು. ಮೂರು ದಿನ ಬಿಟ್ಟು ಉಬುಂಟುವಿನ ಮಾರ್ಕ್ ಶಟಲ್‌ವರ್ತ್, ನಾವು ಸೋತಿದ್ದೇವೆ, ಮರ್ಯಾದೆಯಾಗಿ ಒಪ್ಪಿಕೊಂಡು ಸಿಸ್ಟಮ್‌ಡಿಗೇ ಬರುತ್ತೇವೆ ಅಂತ ಬರೆದರು. ಸ್ವಂತ ಕಂಪನಿಯಲ್ಲಿ ವರ್ಷಗಟ್ಟಲೆ ಬೆಳೆಸಿದ್ದನ್ನು ಮೂರು ದಿನದಲ್ಲಿ ಕೆಳಗಿಟ್ಟ ಆ ಧೈರ್ಯ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತೆ. ನಾನಂತೂ 140 ಸಾಲು ಕೆಳಗಿಡೋಕೆ ಒಂದೂವರೆ ವರ್ಷ ತಗೊಂಡೆ.

ಮುಗೀತು ಅಂದುಕೊಂಡರೆ ಮುಗಿಯಲಿಲ್ಲ. ಅದೇ ವರ್ಷ ಇಯಾನ್ ಜಾಕ್ಸನ್ ಎಲ್ಲ ಸದಸ್ಯರ ಮತಕ್ಕೆ ಹಾಕಿಸಿದರು: ಯಾವ ಪ್ಯಾಕೇಜೂ ಒಂದೇ ಇನಿಟ್‌ಗೆ ಜೋತುಬೀಳಬಾರದು ಅಂತ. ಗೆದ್ದ ಆಯ್ಕೆ ಯಾವುದು ಗೊತ್ತಾ? ಈ ವಿಷಯಕ್ಕೆ ಮತದಾನವೇ ಬೇಕಿಲ್ಲ ಅನ್ನೋದು! ಮತ ಹಾಕಿ ಮತ ಬೇಡ ಅಂದ ಜನ. ನನ್ನ ಹೆಂಡತಿ ಇಲ್ಲಿ ಬಿದ್ದು ಬಿದ್ದು ನಕ್ಕಳು. ಆ ನವೆಂಬರಿನಲ್ಲಿ ನಡೆದದ್ದು ಮಾತ್ರ ನಗೋ ವಿಷಯ ಅಲ್ಲ. 1996ರಿಂದ ಇದ್ದ, ಡೆಬಿಯನ್ ಇನ್‌ಸ್ಟಾಲರ್ ಕಟ್ಟಿದವರಲ್ಲಿ ಒಬ್ಬರಾದ ಜೋಯಿ ಹೆಸ್, ನಾನು ಸೇರಿದ ಸಂಸ್ಥೆ ಇದಲ್ಲ ಅನ್ನೋ ಅರ್ಥದ ಮಾತು ಬರೆದಿಟ್ಟು ಹೊರಟುಹೋದರು. ಕಾಲಿನ್ ವಾಟ್ಸನ್ ಸಮಿತಿ ಬಿಟ್ಟರು. ರಸ್ ಆಲ್‌ಬರಿ ಬಿಟ್ಟರು. ಇಯಾನ್ ಜಾಕ್ಸನ್ ಬಿಟ್ಟರು. ಡೆಬಿಯನ್‌ನಲ್ಲಿ ಸಿಸ್ಟಮ್‌ಡಿ ನೋಡಿಕೊಳ್ಳುತ್ತಿದ್ದ ತಂಡದಿಂದ ಟೊಲ್ಲೆಫ್ ಫಾಗ್ ಹೀನ್ ಬಿಟ್ಟರು. ಕೊಟ್ಟ ಕಾರಣಗಳು ಬೇರೆ ಬೇರೆ, ತಿಂಗಳು ಒಂದೇ. ಸೋತವರು ಮಾತ್ರ ಹೋಗಿದ್ದರೆ ಅರ್ಥ ಆಗುತ್ತಿತ್ತು. ಗೆದ್ದ ಕಡೆಯವರೂ ಹೋದರು. ಅದೇ ತಿಂಗಳು ಒಂದು ಗುಂಪು ಸಿಸ್ಟಮ್‌ಡಿ ಇಲ್ಲದ ಡೆಬಿಯನ್ ಮಾಡ್ತೀವಿ ಅಂತ ಡೆವುವಾನ್ ಘೋಷಿಸಿತು. ಬರೀ ಮಾತು ಅಂದುಕೊಂಡಿದ್ದೆ. 2017ರ ಮೇ ತಿಂಗಳಲ್ಲಿ ನಿಜವಾಗಿ ಹೊರಗೆ ತಂದರು. ಬಾಯಲ್ಲಿ ಬೈಯೋದಕ್ಕಿಂತ ಮೂರು ಪಟ್ಟು ಕಷ್ಟದ ಕೆಲಸ ಅದು.

ನನ್ನ ಪಾಲಿಗೆ ಜೆಸ್ಸಿ ಬಂದದ್ದು 2015ರಲ್ಲಿ. ಆಗಿದ್ದ ಕಂಪನಿಯಲ್ಲಿ ಒಂದು ಸರ್ವರನ್ನು ರಾತ್ರಿ ಹನ್ನೊಂದೂವರೆಗೆ ಹೊಸ ಆವೃತ್ತಿಗೆ ಏರಿಸಿ ರೀಬೂಟ್ ಕೊಟ್ಟೆ. ಏಳಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ, ಉಸಿರೇ ಇಲ್ಲ. ಬೈಕ್ ಹತ್ತಿ ವೈಟ್‌ಫೀಲ್ಡಿನ ಡೇಟಾ ಸೆಂಟರಿಗೆ ಹೋಗಿ ಮಾನಿಟರ್ ಜೋಡಿಸಿ ನೋಡಿದರೆ, ಯಂತ್ರ ತುರ್ತು ಸ್ಥಿತಿ ಅಂತ ಬರೆದುಕೊಂಡು ಪಾಸ್‌ವರ್ಡ್ ಕೇಳುತ್ತಾ ನಿಂತಿದೆ. ಕಾರಣ, ಎಷ್ಟೋ ಹಿಂದೆ ಕಿತ್ತು ಹಾಕಿದ್ದ ಬ್ಯಾಕಪ್ ಡಿಸ್ಕಿನ ಹೆಸರು ಡಿಸ್ಕುಗಳ ಪಟ್ಟಿಯಲ್ಲಿ ಹಾಗೇ ಉಳಿದಿತ್ತು. ಹಳೇ ಇನಿಟ್ ಪ್ರತಿ ಸಲ ಆ ಡಿಸ್ಕು ಹುಡುಕಿ, ಸಿಗದಿದ್ದರೆ ಗೊಣಗಿ, ಹೋಗಲಿ ಬಿಡು ಅಂತ ಮುಂದೆ ಹೋಗುತ್ತಿತ್ತು. ಸಿಸ್ಟಮ್‌ಡಿ, ಪಟ್ಟಿಯಲ್ಲಿ ಬರೆದಿದ್ದೀಯಲ್ಲ, ಹಾಗಾದರೆ ಅದು ಬೇಕೇ ಬೇಕು ಅಂತ ಕಾದು, ಸಿಗದೆ ನಿಂತುಬಿಟ್ಟಿತ್ತು. ಡೆಬಿಯನ್‌ನವರು ಇದನ್ನು ಬಿಡುಗಡೆ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು. ನಾನು ಓದಿರಲಿಲ್ಲ. ಓದೋಕೆ ಕೋಪ ಬಿಟ್ಟಿರಲಿಲ್ಲ ಅನ್ನೋದು ಸರಿಯಾದ ಮಾತು. ಆ ರಾತ್ರಿ ಮೂರು ಗಂಟೆಗೆ ವಾಪಸ್ ಬರುವಾಗ, ನಾನು ಹೇಳಿದ್ದೇ ಸರಿಯಾಯ್ತು ಅನ್ನೋ ಒಂಥರಾ ಕೆಟ್ಟ ಖುಷಿ ಇತ್ತು. ಅದು ಹದಿನೈದು ದಿನವೂ ಬಾಳಲಿಲ್ಲ.

ಟೀಮಿಗೆ ರಾಯಚೂರಿನ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಳು. ನನ್ನ ಸ್ಕ್ರಿಪ್ಟು ಓದಿ, “ಸರ್, ಇದು ಇಷ್ಟುದ್ದ ಯಾಕದ ರೀ?” ಅಂದಳು. ವ್ಯಂಗ್ಯ ಇರಲಿಲ್ಲ, ನಿಜವಾಗಲೂ ಗೊತ್ತಿಲ್ಲದೆ ಕೇಳಿದ್ದು. ಮಧ್ಯಾಹ್ನ ಊಟ ಮುಗಿಸಿ ಬರೋದರಲ್ಲಿ ಹನ್ನೊಂದು ಸಾಲಿನ ಒಂದು ಯುನಿಟ್ ಫೈಲು ಬರೆದಿಟ್ಟಿದ್ದಳು. ಯಾವುದನ್ನು ಓಡಿಸಬೇಕು, ಯಾರ ಹೆಸರಲ್ಲಿ, ಯಾವುದಾದ ಮೇಲೆ. ಸತ್ತರೆ ಮತ್ತೆ ಎಬ್ಬಿಸು ಅನ್ನೋದಕ್ಕೆ ಒಂದೇ ಸಾಲು. ಅದನ್ನು ಹಾಕಿದ ಮೇಲೆ ಆ ಸರ್ವೀಸಿಗೋಸ್ಕರ ರಾತ್ರಿ ನನಗೆ ಫೋನು ಬರೋದು ನಿಂತಿತು. ಮೊದಲ ವಾರ ಎರಡು ಗಂಟೆಗೆ ತಾನೇ ಎಚ್ಚರಾಗಿ ಫೋನು ನೋಡುತ್ತಿದ್ದೆ. ಅವಳ ಜೊತೆ ಒಂದಷ್ಟು ದಿನ ಸರಿಯಾಗಿ ಮಾತಾಡಲಿಲ್ಲ. ಹೇಳೋಕೆ ನಾಚಿಕೆ ಆಗುತ್ತೆ, ಚಿಕ್ಕಪ್ಪನ ಪೆಟ್ಟಿಗೆ ನೋಡಿದ ಅಪ್ಪ ಮಾಡಿದ್ದನ್ನೇ ನಾನೂ ಮಾಡಿದ್ದೆ.

ಸಮಿತಿ ಆರಿಸಿದ್ದು ಸರಿ ಅಂತ ಈಗ ಅನ್ನಿಸುತ್ತೆ. ಆದರೆ ಡೀಫಾಲ್ಟ್ ಅಂದರೆ ಯಾವುದು ಒಳ್ಳೆಯದು ಅನ್ನೋ ಪ್ರಶ್ನೆ ಅಂದುಕೊಂಡು ಅದನ್ನು ಓದಿದ್ದು ನನ್ನ ತಪ್ಪು. ಬೇಕಾದರೆ ಬದಲಾಯಿಸಿಕೊಳ್ಳಿ, ಯಾರು ಬೇಡ ಅಂದರು ಅಂತ ಹೇಳೋದು ಸುಲಭ. ಬದಲಾಯಿಸಿಕೊಳ್ಳುವ ದಾರಿ ತೆರೆದಿರಬೇಕಾದರೆ ಸಾವಿರಾರು ಪ್ಯಾಕೇಜುಗಳಿಗೆ ಹಳೇ ಸ್ಕ್ರಿಪ್ಟು ಯಾರೋ ಬರೆಯುತ್ತಾ ಇರಬೇಕು, ಪರೀಕ್ಷೆ ಮಾಡುತ್ತಾ ಇರಬೇಕು, ಅದೂ ಯಾರ ಮೇಲೂ ಬಲವಂತ ಇಲ್ಲದ ಜಾಗದಲ್ಲಿ. ಡೀಫಾಲ್ಟ್ ಆದದ್ದಕ್ಕೆ ಕೆಲಸಗಾರರು ತಾವಾಗಿ ಬರುತ್ತಾರೆ. ಆಗದೆ ಉಳಿದದ್ದಕ್ಕೆ ಹಟ ಇರುವವರು ಮಾತ್ರ ಉಳಿಯುತ್ತಾರೆ. ಜಗಳ ಅಷ್ಟು ಕಹಿಯಾದದ್ದು ಇದು ಎರಡೂ ಕಡೆಯವರಿಗೆ ಗೊತ್ತಿದ್ದರಿಂದಲೇ ಇರಬೇಕು.

ಡೆಬಿಯನ್ ಗೆದ್ದದ್ದನ್ನು ಕಣ್ಣುಮುಚ್ಚಿ ನುಂಗಲಿಲ್ಲ ಅನ್ನೋದನ್ನೂ ಹೇಳಬೇಕು. 2016ರಲ್ಲಿ ಸಿಸ್ಟಮ್‌ಡಿಯ ಮೂಲದವರು, ಬಳಕೆದಾರ ಲಾಗೌಟ್ ಆದರೆ ಅವನು ಹಿಂದೆ ಬಿಟ್ಟುಹೋದ ಕೆಲಸಗಳನ್ನೆಲ್ಲ ಕೊಲ್ಲೋದೇ ಡೀಫಾಲ್ಟ್ ಅಂತ ಮಾಡಿದರು. ರಾತ್ರಿಯಿಡೀ ಓಡಲಿ ಅಂತ ಏನೋ ಬಿಟ್ಟು ಮನೆಗೆ ಹೋಗುವ ನನ್ನಂಥವರ ಹೊಟ್ಟೆ ಮೇಲೆ ಹೊಡೆತ. ಡೆಬಿಯನ್ ತನ್ನ ಮನೆಯಲ್ಲಿ ಅದನ್ನು ಮೊದಲಿನಂತೆಯೇ ಇಟ್ಟುಕೊಂಡಿತು. ಒಂದು ಸೆಟ್ಟಿಂಗು, ಅಷ್ಟೇ. 2019ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಎಲ್ಲರ ಮತ ಆಯಿತು. ಸಿಸ್ಟಮ್‌ಡಿಯೇ ನಮ್ಮದು, ಬೇರೆ ದಾರಿ ಹುಡುಕುವವರಿಗೂ ಬೆಂಬಲ ಇರಲಿ ಅನ್ನೋದು ಗೆದ್ದಿತು. ಆರು ವರ್ಷ ಆದ ಮೇಲೂ ಯಾರೋ ಹುಡುಕುತ್ತಲೇ ಇದ್ದಾರೆ ಅಂತ ಆಯ್ತಲ್ಲ.

“ನಿಮ್ಮಪ್ಪ, ಚಿಕ್ಕಪ್ಪ ಮತ್ತೆ ಮಾತಾಡಿದ್ದು ಯಾವಾಗ?” ಅಂತ ಹೆಂಡತಿ ಕೇಳಿದಳು. ಅವಳಿಗೆ ಡೆಬಿಯನ್‌ಗಿಂತ ಅದೇ ಮುಖ್ಯ. ಆ ಹನ್ನೆರಡು ಹೆಸರಿನ ಪಟ್ಟಿ ಬರೆಯುವಾಗಲೇ. ನಮ್ಮ ಪೆಟ್ಟಿಗೆಯ ತಿರುಪು ಯಾವ ಕಡೆ ತಿರುಗಿಸಬೇಕು ಅಂತ ಅಪ್ಪನಿಗೆ ಗೊತ್ತಿರಲಿಲ್ಲ, ತಮ್ಮನನ್ನು ಕೇಳಲೇಬೇಕಾಯ್ತು.

ಈ ಸಂಕ್ರಾಂತಿಗೆ ಊರಿಗೆ ಹೋಗಿದ್ದೆವು. ಈಗ ಮೊಬೈಲ್ ಸ್ಟಾರ್ಟರ್ ಬಂದಿದೆ, ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್, ನೀರಿಲ್ಲದಿದ್ದರೆ ತಾನೇ ಆಫ್. ರಾತ್ರಿ ಎರಡು ಗಂಟೆ ಸುಮಾರಿಗೆ ಎಚ್ಚರಾಗಿ ಹೊರಗೆ ಬಂದರೆ ಅಪ್ಪ ಜಗಲಿ ಮೇಲೆ ಎದ್ದು ಕೂತಿದ್ದರು. ತೋಟದ ಆ ಮೂಲೆಯಲ್ಲಿ ಬಲ್ಬು ಹತ್ತಿತ್ತು.

“ಅದು ತಾನೇ ಆನ್ ಆಗುತ್ತಲ್ಲಪ್ಪ, ಮಲ್ಕೊಳ್ಳಿ” ಅಂದೆ.

“ಆಗುತ್ತೆ ಕಣೋ” ಅಂದರು. “ನಮ್ಮದು ಹನ್ನೆರಡನೇದು. ಇನ್ನೂ ಎಂಟು ಆಗಿದೆ. ಕೂತ್ಕೋ.”

ಕೂತೆ. ದೂರದಲ್ಲಿ ಯಾರದೋ ಮೋಟರ್ ಎದ್ದ ಸದ್ದಾಯಿತು.

“ಒಂಬತ್ತು” ಅಂದರು ಅಪ್ಪ.